ಕಾಣದೆ ಹೋಗುವ ನೀರು: ವಾಹನದ ಕೂಲೆಂಟ್ ಸೋರಿಕೆಯ ಪತ್ತೆ ಮತ್ತು ಪರಿಹಾರ

(ಬಳಗದ ಸಭೆಯಲ್ಲಿ ಗ್ರಾಮಸ್ಥರನ್ನೂ ಕಾಲೇಜು ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಕಾಡು, ಹೊಳೆ, ಗದ್ದೆ, ತೋಟಗಳ ಮಾತು ನಡೆಯುತ್ತದೆ. ಇಂದು ಮೋಟಾರು ವಾಹನದ ಮಾತೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಕಾರಣಗಳು ಎರಡು. ಮೊದಲನೆಯದು, ನಮ್ಮ ಊರುಗಳಲ್ಲಿ ಜೀಪಾಗಲಿ ಕಾರಾಗಲಿ ಶೋಕಿಯ ವಸ್ತುವಲ್ಲ. ನಡುರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಹಿರಿಯರಿಗೆ ಎದೆನೋವು ಕಾಣಿಸಿಕೊಂಡರೆ, ಘಾಟಿ ಇಳಿಸಿ ಆಸ್ಪತ್ರೆ ಮುಟ್ಟಿಸುವುದು ನೆರೆಮನೆಯ ಜೀಪೇ. ಅಂಥ ವಾಹನ ತಿರುವಿನ ನಡುವೆ ಕುದಿದು ನಿಂತರೆ ಹೋಗುವುದು ಇಂಜಿನ್ ಒಂದೇ ಅಲ್ಲ. ಎರಡನೆಯದು, ವಾಹನದಿಂದ ಸೋರಿದ ಕೂಲೆಂಟ್ ಎಲ್ಲಿಗೂ ಮಾಯವಾಗುವುದಿಲ್ಲ. ಅದು ನಮ್ಮ ಅಂಗಳಕ್ಕೆ, ಹಳ್ಳಕ್ಕೆ, ಕೊನೆಗೆ ದನಕರುಗಳ ಹೊಟ್ಟೆಗೆ ಸೇರುತ್ತದೆ. ಹೀಗಾಗಿ ಈ ವಿಷಯ ನಮ್ಮೆಲ್ಲರದೂ ಹೌದು.

"ವಾರಕ್ಕೊಮ್ಮೆ ಅರ್ಧ ಲೀಟರ್ ಹಾಕುತ್ತೇನೆ, ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ, ಕೆಳಗೆ ಒಂದು ಹನಿಯೂ ಬಿದ್ದಿಲ್ಲ" ಎಂಬ ದೂರನ್ನು ನೀವೆಲ್ಲ ಕೇಳಿರುತ್ತೀರಿ. ಈ ಒಗಟನ್ನು ಕ್ರಮಬದ್ಧವಾಗಿ ಬಿಡಿಸುವ ಬಗೆಯನ್ನು ಇಂದು ವಿವರಿಸುತ್ತೇನೆ.

ನೀರು ಖರ್ಚಾಗುತ್ತಿದ್ದ ಕಾಲ

1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬ ಮಹಿಳೆ, ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಗಾಲಿಯ ಕಾರಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು 100 ಕಿಲೋಮೀಟರ್ ದೂರದ ಪ್ರಯಾಣ ಮಾಡಿದಳು. ಕಾರಿನಲ್ಲಿ ಅಷ್ಟು ದೂರ ಹೋದವರು ಅದುವರೆಗೆ ಯಾರೂ ಇರಲಿಲ್ಲ. ಆ ಕಾರಿನಲ್ಲಿ ನೀರು ಕುದಿದು ಆವಿಯಾಗಿ ಹೋಗುವುದರಿಂದಲೇ ಇಂಜಿನ್ ತಂಪಾಗುತ್ತಿತ್ತು. ಆದ್ದರಿಂದ ದಾರಿಯುದ್ದಕ್ಕೂ ನಿಂತು ನಿಂತು ನೀರು ತುಂಬಿಸಬೇಕಾಯಿತು. ಏರು ಬಂದಲ್ಲಿ ಮಕ್ಕಳು ಇಳಿದು ಕಾರನ್ನು ದೂಡಿದರು. ಅಂದು ನೀರು ಕಡಿಮೆಯಾಗುವುದು ದೋಷವಾಗಿರಲಿಲ್ಲ. ಕಾರಿನ ರಚನೆಯೇ ಹಾಗಿತ್ತು.

1901ರಲ್ಲಿ ವಿಲ್ಹೆಲ್ಮ್ ಮೇಬಾಕ್ ರೂಪಿಸಿದ ಮರ್ಸಿಡಿಸ್ ಕಾರಿಗೆ ಜೇನುಗೂಡಿನ ಮಾದರಿಯ ರೇಡಿಯೇಟರ್ ಬಂದಿತು. ಅದೇ ನೀರು ಇಂಜಿನ್ನಿನಲ್ಲಿ ಕಾದು, ರೇಡಿಯೇಟರಿನಲ್ಲಿ ಗಾಳಿಗೆ ತಣಿದು, ಮತ್ತೆ ಇಂಜಿನ್ನಿಗೆ ಮರಳುವ ವ್ಯವಸ್ಥೆ ಕ್ರಮೇಣ ಬಲಗೊಂಡಿತು. ಇಂದಿನ ವಾಹನಗಳಲ್ಲಿ ಇದು ಮುಚ್ಚಿದ ಸುತ್ತು. ಹೀಗಾಗಿ ಮೊದಲು ನೆನಪಿಡಬೇಕಾದುದು ಇದು: ಕೂಲೆಂಟ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಹೊಸದಾಗಿ ತುಂಬಿಸಿದ ಮೇಲೆ ಒಳಗೆ ಸಿಲುಕಿದ ಗಾಳಿ ಹೊರಬಂದು ಕೆಲವು ದಿನ ಮಟ್ಟ ತುಸು ಇಳಿಯಬಹುದು. ವರ್ಷವಿಡೀ ನೋಡಿದರೆ ಬಾಟಲಿಯಲ್ಲಿ ಸ್ವಲ್ಪ ತಗ್ಗಬಹುದು. ಅದನ್ನು ಬಿಟ್ಟು ಮತ್ತೆ ಮತ್ತೆ ಹಾಕಬೇಕಾಗುತ್ತಿದ್ದರೆ ಎಲ್ಲಿಯೋ ದಾರಿ ಇದೆ ಎಂದೇ ಅರ್ಥ.

ಒತ್ತಡ, ಎತ್ತರ ಮತ್ತು ಘಾಟಿ

ಇಂಧನ ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಕೂಲೆಂಟ್ ಹೊತ್ತು ಹೊರಹಾಕಬೇಕು. ಇಂಜಿನ್ ಹದವಾಗಿ ನಡೆಯುವಾಗ ಅದರ ಉಷ್ಣತೆ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಬರಿಯ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಎತ್ತರಕ್ಕೆ ಹೋದಂತೆ, ಪ್ರತಿ 300 ಮೀಟರಿಗೆ ಸುಮಾರು 1 ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಚಿಕ್ಕಮಗಳೂರು ಪಟ್ಟಣದ ಎತ್ತರದಲ್ಲಿ ನೀರು 97 ಡಿಗ್ರಿಯ ಒಳಗೇ ಕುದಿಯುತ್ತದೆ. ಹಾಗಿದ್ದರೆ ಸರಕು ತುಂಬಿದ ಜೀಪು ಎರಡನೆಯ ಗೇರಿನಲ್ಲಿ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಏರುವಾಗ ಕುದಿಯದೆ ಇರುವುದು ಹೇಗೆ?

ಇಲ್ಲಿ ಎರಡು ಉಪಾಯಗಳಿವೆ. ನೀರಿಗೆ ಸಮಪಾಲು ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ಕುದಿಬಿಂದು 106 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ತುಕ್ಕು ತಡೆಯುವ ರಾಸಾಯನಿಕಗಳೂ ಅದರೊಂದಿಗೆ ಬರುತ್ತವೆ. ಎರಡನೆಯದು ಮುಚ್ಚಳ. ರೇಡಿಯೇಟರ್ ಮುಚ್ಚಳವೆಂದರೆ ಬರಿಯ ಬಿರಡೆಯಲ್ಲ. ನಮ್ಮ ಅಡುಗೆಮನೆಯ ಕುಕ್ಕರಿನ ಮುಚ್ಚಳದಂತೆ, ಅದರೊಳಗಿನ ಸ್ಪ್ರಿಂಗು ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚಿನ ಒತ್ತಡವನ್ನು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಸಮಪಾಲಿನ ಮಿಶ್ರಣ 125 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಬಯಲಿನಲ್ಲಿ ಸುಮ್ಮನಿರುವ ಸಣ್ಣ ದೋಷ ಘಾಟಿಯಲ್ಲಿ ಬಯಲಾಗುವುದು ಇದೇ ಕಾರಣಕ್ಕೆ. ಶಾಖ ಹೆಚ್ಚು, ಒತ್ತಡ ಹೆಚ್ಚು, ವೇಗ ಕಡಿಮೆಯಾದುದರಿಂದ ಬೀಸುವ ಗಾಳಿಯೂ ಕಡಿಮೆ.

ನೀರು ಹೋಗುವ ಮೂರು ದಾರಿಗಳು

ಮಳೆಗಾಲದಲ್ಲಿ ಹಂಚಿನ ಮಾಡು ಸೋರಿದಾಗ ಹನಿ ಬೀಳುವ ಜಾಗದ ನೇರಕ್ಕೆ ಹಂಚು ಜಾರಿರುವುದಿಲ್ಲ. ನೀರು ಎಲ್ಲಿಯೋ ಒಳಹೊಕ್ಕು, ಪಕಾಸಿಯ ಗುಂಟ ಹರಿದು, ಇನ್ನೆಲ್ಲಿಯೋ ತೊಟ್ಟಿಕ್ಕುತ್ತದೆ. ವಾಹನದಲ್ಲಿಯೂ ಹಾಗೆಯೇ. ಆದರೂ ಕೂಲೆಂಟ್ ಹೋಗುವ ದಾರಿಗಳು ಮೂರೇ.

ಒಂದು, ಹೊರಗಿನ ಸೋರಿಕೆ. ಹೋಸ್ ಪೈಪುಗಳು, ಅವುಗಳ ಕ್ಲಾಂಪುಗಳು, ರೇಡಿಯೇಟರಿನ ಅಲ್ಯೂಮಿನಿಯಂ ಭಾಗಕ್ಕೂ ಪ್ಲಾಸ್ಟಿಕ್ ತೊಟ್ಟಿಗೂ ನಡುವಿನ ಬೆಸೆ, ಕೂಲೆಂಟ್ ಬಾಟಲಿಯ ಬಿರುಕು, ವಾಟರ್ ಪಂಪು, ಹೀಟರ್ ಇರುವ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರ್, ಇವೆಲ್ಲ ಈ ಸಾಲಿಗೆ ಸೇರುತ್ತವೆ.

ಎರಡು, ಮುಚ್ಚಳದ ದಾರಿ. ಸ್ಪ್ರಿಂಗು ಸೋತರೆ ಅಥವಾ ರಬ್ಬರು ಸವೆದರೆ ಕೂಲೆಂಟ್ ಬೇಗನೆ ಬಾಟಲಿಗೆ ನುಗ್ಗಿ, ಬಾಟಲಿ ತುಂಬಿ, ಹೊರಹರಿವಿನ ಸಣ್ಣ ಪೈಪಿನಿಂದ ರಸ್ತೆಗೆ ಹೋಗುತ್ತದೆ.

ಮೂರು, ಒಳಗಿನ ಸೋರಿಕೆ. ಹೆಡ್ ಗ್ಯಾಸ್ಕೆಟ್ ಸುಟ್ಟಿದ್ದರೆ ಅಥವಾ ಹೆಡ್ ಬಿರುಕು ಬಿಟ್ಟಿದ್ದರೆ ಕೂಲೆಂಟ್ ಸಿಲಿಂಡರಿಗೆ ಹೋಗಿ ಆವಿಯಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ಇಲ್ಲವೇ ಇಂಜಿನ್ ಆಯಿಲ್ ಜೊತೆ ಬೆರೆಯುತ್ತದೆ. ಡೀಸೆಲ್ ವಾಹನಗಳಲ್ಲಿ ಇನ್ನೊಂದು ಗುಪ್ತದ್ವಾರವಿದೆ. ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ಕೂಲರ್ ಎಂಬ ಭಾಗವದು. ಅದರೊಳಗೆ ಬಿರುಕಾದರೆ ಕೆಳಗೆ ಹನಿ ಬೀಳುವುದಿಲ್ಲ, ಆಯಿಲ್ ಕೆಡುವುದಿಲ್ಲ. ಕೂಲೆಂಟ್ ಮಾತ್ರ ಕಡಿಮೆಯಾಗುತ್ತದೆ. ಇದು ಎಷ್ಟು ಗಂಭೀರವಾಗಬಹುದೆಂಬುದಕ್ಕೆ 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ನಡೆದುದೇ ಸಾಕ್ಷಿ. ಅಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳು ಒಂದರ ಹಿಂದೊಂದು ಓಡುತ್ತಿರುವಾಗಲೇ ಬೆಂಕಿಗೆ ಆಹುತಿಯಾದವು. ಇಜಿಆರ್ ಕೂಲರಿನೊಳಗೆ ಸೋರಿದ ಗ್ಲೈಕಾಲ್ ಮಸಿಯೊಂದಿಗೆ ಸೇರಿ ಕೂತು, ಬಿಸಿ ಹೊಗೆಗೆ ಹೊತ್ತಿಕೊಳ್ಳುತ್ತಿತ್ತೆಂದು ತನಿಖೆ ಹೇಳಿತು. ಒಂದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು.

ಪತ್ತೆಯ ಕ್ರಮ

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ಬಿಸಿಯಾದ ಇಂಜಿನ್ನಿನ ಮುಚ್ಚಳವನ್ನು ಎಂದಿಗೂ ತೆರೆಯಬೇಡಿ. ಒತ್ತಡ ಇಳಿದ ಕ್ಷಣವೇ 110 ಡಿಗ್ರಿಯ ದ್ರವ ಭುಗಿಲೆದ್ದು ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸು ಕೈಗೆ ತಣ್ಣಗಾಗುವವರೆಗೆ ಕಾಯಿರಿ.

ಮೊದಲ ಹೆಜ್ಜೆ ಅಳತೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ, ಸಮತಟ್ಟಾದ ಒಂದೇ ಜಾಗದಲ್ಲಿ ವಾಹನ ನಿಲ್ಲಿಸಿ, ಬಾಟಲಿಯ ಮೇಲೆ ಮಟ್ಟಕ್ಕೆ ಗುರುತು ಮಾಡಿ. ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ, ಓಡಿದ ಕಿಲೋಮೀಟರು, ಘಾಟಿ ಹತ್ತಿದ್ದು ಉಂಟೋ ಇಲ್ಲವೋ, ಎಷ್ಟು ಮಿಲಿಲೀಟರ್ ಸೇರಿಸಿದಿರಿ ಎಂಬುದನ್ನು ಬರೆಯಿರಿ. ಎರಡು ಮೂರು ವಾರದ ಈ ಲೆಕ್ಕ ಅರ್ಧ ರೋಗವನ್ನು ಹೇಳುತ್ತದೆ. ನಿಲ್ಲಿಸಿದಲ್ಲಿಯೇ ಕಡಿಮೆಯಾಗುತ್ತದೆಯೇ, ಓಡಿದರೆ ಮಾತ್ರ ಆಗುತ್ತದೆಯೇ, ಏರಿದರೆ ಮಾತ್ರ ಆಗುತ್ತದೆಯೇ ಎಂಬುದು ತಿಳಿಯುತ್ತದೆ.

ಎರಡನೆಯದು ಕಣ್ಣು ಮತ್ತು ಮೂಗು. ರಾತ್ರಿ ವಾಹನದ ಕೆಳಗೆ ಬಿಳಿ ರಟ್ಟು ಹಾಸಿಡಿ. ಎಸಿಯಿಂದ ಬೀಳುವ ನೀರು ಸ್ವಚ್ಛ, ವಾಸನೆಯಿಲ್ಲದ್ದು. ಅದನ್ನು ಕಂಡು ಗಾಬರಿಯಾಗಬೇಡಿ. ಕೂಲೆಂಟಿಗೆ ಬಣ್ಣವಿರುತ್ತದೆ, ಸಿಹಿ ವಾಸನೆಯಿರುತ್ತದೆ, ಬೆರಳಿಗೆ ಜಿಗುಟಾಗುತ್ತದೆ. ನಾಲಿಗೆಗೆ ಮಾತ್ರ ತಾಗಿಸಬೇಡಿ. ಹನಿ ಬೀಳದಿದ್ದರೂ ನಿರಾಶೆ ಬೇಡ. ಬಿಸಿ ಇಂಜಿನ್ನಿನ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಅದರ ಗುರುತಾಗಿ ಹಸಿರು, ಗುಲಾಬಿ ಅಥವಾ ಬಿಳಿಯ ಒಣಗಿದ ಪದರ ಉಳಿಯುತ್ತದೆ. ಟಾರ್ಚು ಹಿಡಿದು ಕ್ಲಾಂಪುಗಳ ಸುತ್ತ, ರೇಡಿಯೇಟರಿನ ಎರಡೂ ಬದಿಯ ಬೆಸೆಯಲ್ಲಿ, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಲ್ಲಿ ಆ ಪದರವನ್ನು ಹುಡುಕಿ. ಪಂಪಿನೊಳಗಿನ ಸೀಲು ಸವೆದಾಗ ದ್ರವ ಹೊರಬಂದು ಎಚ್ಚರಿಸಲೆಂದೇ ಆ ರಂಧ್ರವನ್ನು ಇಟ್ಟಿರುತ್ತಾರೆ. ಮುಂದಿನ ಸೀಟಿನ ಕಾಲಡಿಯ ಹಾಸು ಒದ್ದೆಯಾಗಿ, ಗಾಜಿನ ಒಳಮೈಗೆ ಜಿಡ್ಡಿನ ಮಂಜು ಕಟ್ಟಿ, ಒಳಗೆ ಸಿಹಿ ವಾಸನೆ ಬಂದರೆ ಹೀಟರ್ ಕೋರ್ ಸೋರುತ್ತಿದೆ ಎಂದು ತಿಳಿಯಿರಿ.

ಮೂರನೆಯದು ಒತ್ತಡದ ಪರೀಕ್ಷೆ. ಅನೇಕ ಗ್ಯಾರೇಜುಗಳಲ್ಲಿ ಸೈಕಲ್ ಪಂಪಿನಂಥ ಒಂದು ಸಾಧನವಿರುತ್ತದೆ. ಇಂಜಿನ್ ತಣ್ಣಗಿರುವಾಗ ಮುಚ್ಚಳದ ಜಾಗಕ್ಕೆ ಅದನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವ ಒತ್ತಡದವರೆಗೆ ಗಾಳಿ ಹಾಕಿ, ಕಾಲು ಗಂಟೆ ಕಾಯಬೇಕು. ಇಂಜಿನ್ ತಣ್ಣಗಿರುವುದರಿಂದ ಸೋರಿದ ಹನಿ ಆವಿಯಾಗದೆ ಕಣ್ಣಿಗೆ ಬೀಳುತ್ತದೆ. ಮುಳ್ಳು ಇಳಿಯುತ್ತಿದ್ದೂ ಹೊರಗೆ ಎಲ್ಲಿಯೂ ಒದ್ದೆ ಇಲ್ಲದಿದ್ದರೆ ದಾರಿ ಒಳಗಿದೆ. ಅದೇ ಸಾಧನದಿಂದ ಮುಚ್ಚಳವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಪರೀಕ್ಷೆಯ ಹೊತ್ತಿನಲ್ಲಿ ಮುಚ್ಚಳ ಕಳಚಿರುವುದರಿಂದ ಅದರ ದೋಷ ಮೊದಲ ಪರೀಕ್ಷೆಯಲ್ಲಿ ಸಿಕ್ಕುವುದೇ ಇಲ್ಲ.

ನಾಲ್ಕನೆಯದು ಒಳಗಿನ ತಪಾಸಣೆ. ರಾತ್ರಿಯಿಡೀ ತಣಿದ ಇಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸು ಕಲ್ಲಿನಂತೆ ಬಿಗಿದರೆ, ನೀರು ಕಾದುದರಿಂದಲ್ಲ, ಸಿಲಿಂಡರಿನ ಅನಿಲ ನುಗ್ಗಿದುದರಿಂದ ಒತ್ತಡ ಏರಿದೆ ಎಂದು ಶಂಕಿಸಬೇಕು. ನೀಲಿ ದ್ರವವೊಂದನ್ನು ಬಳಸುವ ಪರೀಕ್ಷೆ ಇದನ್ನು ಖಚಿತಪಡಿಸುತ್ತದೆ. ರೇಡಿಯೇಟರಿನ ಬಾಯಿಯಲ್ಲಿರುವ ಗಾಳಿಯನ್ನು ಆ ದ್ರವದ ಮೂಲಕ ಎಳೆದಾಗ, ಉರಿದ ಅನಿಲದ ಇಂಗಾಲದ ಡೈಆಕ್ಸೈಡ್ ಇದ್ದರೆ ಬಣ್ಣ ಹಳದಿಯತ್ತ ತಿರುಗುತ್ತದೆ. ಬಿಸಿಯಾದ ಮೇಲೂ ನಿಲ್ಲದ ಸಿಹಿ ವಾಸನೆಯ ಬಿಳಿ ಹೊಗೆ, ಮಜ್ಜಿಗೆಯಂತಾದ ಇಂಜಿನ್ ಆಯಿಲ್ ಇವೂ ಲಕ್ಷಣಗಳೇ. ಆದರೆ ನಮ್ಮ ಮಳೆಗಾಲದಲ್ಲಿ ಬರೀ ಎರಡು ಮೂರು ಕಿಲೋಮೀಟರು ಓಡಿಸಿ ನಿಲ್ಲಿಸುವ ವಾಹನದ ಆಯಿಲ್ ಮುಚ್ಚಳದ ಒಳಗೆ ತೇವದಿಂದಲೇ ಬೆಳ್ಳನೆಯ ಕೆನೆ ಕಟ್ಟುವುದುಂಟು. ಅದೊಂದನ್ನೇ ನಂಬಿ ಹೆಡ್ ಬಿಚ್ಚಿಸಬೇಡಿ. ಆಯಿಲ್ ಕಡ್ಡಿಯನ್ನು ಎಳೆದು ನೋಡಿ, ಬೇರೆ ಪರೀಕ್ಷೆಗಳೊಂದಿಗೆ ತಾಳೆ ನೋಡಿ. ಇವೆಲ್ಲ ಸರಿಯಿದ್ದೂ ಡೀಸೆಲ್ ವಾಹನದಲ್ಲಿ ಕೂಲೆಂಟ್ ಇಳಿಯುತ್ತಿದ್ದರೆ ಇಜಿಆರ್ ಕೂಲರನ್ನು ಪ್ರತ್ಯೇಕಿಸಿ ಒತ್ತಡ ಹಾಕಿ ನೋಡಬೇಕು.

ಒಂದು ಜೀಪಿನ ಉದಾಹರಣೆ

ಪಕ್ಕದ ಊರಿನ ರೈತರೊಬ್ಬರ ಹಳೆಯ ಡೀಸೆಲ್ ಜೀಪಿನಲ್ಲಿ ವಾರಕ್ಕೆ ಅರ್ಧ ಲೀಟರಿನಷ್ಟು ಕೂಲೆಂಟ್ ಕಾಣೆಯಾಗುತ್ತಿತ್ತು. ಒಂದು ಗ್ಯಾರೇಜಿನವರು ರೇಡಿಯೇಟರ್ ಬದಲಿಸಿದರು, ಫಲ ಸಿಕ್ಕಲಿಲ್ಲ. ಇನ್ನೊಬ್ಬರು ಹೆಡ್ ಇಳಿಸಲೇಬೇಕೆಂದರು. ಆ ಖರ್ಚಿಗಾಗಿ ರೈತರು ಕರೆಯುವ ಹಸುವನ್ನು ಮಾರುವ ಯೋಚನೆಯಲ್ಲಿದ್ದರು. ನಾವು ಹೇಳಿದ್ದು, ಮೊದಲು ಮೂರು ವಾರ ಲೆಕ್ಕ ಬರೆಯಿರಿ ಎಂದು. ಅವರ ಮಗಳು ಪಿಯುಸಿ ಓದುತ್ತಿದ್ದಳು. ಅಚ್ಚುಕಟ್ಟಾಗಿ ಬರೆದಳು. ಘಾಟಿ ಹತ್ತದ ವಾರದಲ್ಲಿ ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಅಡಿಕೆ ಮೂಟೆ ಹೇರಿ ಘಾಟಿ ಹತ್ತಿದ ದಿನಗಳಲ್ಲಿ ಮಾತ್ರ ಇಳಿದಿತ್ತು.

ಇಷ್ಟರಿಂದಲೇ ತೀರ್ಪು ಕೊಡುವಂತಿರಲಿಲ್ಲ. ಹೆಡ್ ಗ್ಯಾಸ್ಕೆಟಿನ ದೋಷವೂ ಭಾರ ಹೆಚ್ಚಾದಾಗಲೇ ಕಾಣಿಸುವುದುಂಟು. ಆದ್ದರಿಂದ ಒತ್ತಡದ ಪರೀಕ್ಷೆ ಮಾಡಿಸಿದೆವು, ಮುಳ್ಳು ಅಲುಗಲಿಲ್ಲ. ನೀಲಿ ದ್ರವ ನೀಲಿಯಾಗಿಯೇ ಉಳಿಯಿತು. ಆಯಿಲ್ ಶುದ್ಧವಾಗಿತ್ತು. ಕೊನೆಗೆ ಮುಚ್ಚಳವನ್ನು ಪರೀಕ್ಷಿಸಿದಾಗ ಅದು ಹಿಡಿಯಬೇಕಾದ ಒತ್ತಡದ ಅರ್ಧಕ್ಕೂ ಮೊದಲೇ ಬಾಯಿ ಬಿಟ್ಟಿತು. ಹೊರಹರಿವಿನ ಪೈಪಿನ ತುದಿ ಮಡ್‌ಗಾರ್ಡಿನ ಹಿಂದೆ ಅಡಗಿತ್ತು. ಅಲ್ಲಿ ಉಳಿದ ಕಲೆಯನ್ನು ಮಳೆ ತೊಳೆಯುತ್ತಿತ್ತು. ಆ ತುದಿಗೆ ಬಿಳಿ ಬಟ್ಟೆಯ ಚೂರನ್ನು ಸಡಿಲವಾಗಿ ಕಟ್ಟಿ ಘಾಟಿ ಹತ್ತಿಸಿದಾಗ ಬಟ್ಟೆ ಹಸಿರಾಗಿ ಬಂದಿತು. ಕೆಲವು ನೂರು ರೂಪಾಯಿಯ ಹೊಸ ಮುಚ್ಚಳದಿಂದ ರೋಗ ವಾಸಿಯಾಯಿತು. ಹಸು ಕೊಟ್ಟಿಗೆಯಲ್ಲಿಯೇ ಉಳಿಯಿತು.

ಇದರ ಅರ್ಥ ಎಲ್ಲ ರೋಗಕ್ಕೂ ಮುಚ್ಚಳವೇ ಕಾರಣವೆಂದಲ್ಲ. ಅಗ್ಗದ ಮತ್ತು ಸುಲಭದ ಪರೀಕ್ಷೆಯಿಂದ ಆರಂಭಿಸಿ ದುಬಾರಿಯ ಕಡೆಗೆ ಹೋಗಬೇಕು. ಸಾಕ್ಷ್ಯವಿಲ್ಲದೆ ಯಾವ ಭಾಗವನ್ನೂ ಬದಲಿಸಬಾರದು.

ದುರಸ್ತಿ

ಗಟ್ಟಿಯಾದ, ಉಬ್ಬಿದ, ಬೆರಳಿನಿಂದ ಹಿಸುಕಿದರೆ ಬಿರುಕು ತೋರುವ ಹೋಸುಗಳನ್ನು ಕ್ಲಾಂಪು ಸಹಿತ ಬದಲಿಸಿ. ಹಳೆಯ ಜೀಪುಗಳ ತಾಮ್ರ-ಹಿತ್ತಾಳೆಯ ರೇಡಿಯೇಟರುಗಳಿಗೆ ಬೆಸುಗೆ ಹಾಕಬಹುದು. ಈಗಿನ ಪ್ಲಾಸ್ಟಿಕ್ ತೊಟ್ಟಿಯ ರೇಡಿಯೇಟರಿಗೆ ಅಂಟು ಹಚ್ಚುವುದು ಘಾಟಿಯ ಒತ್ತಡದಲ್ಲಿ ನಿಲ್ಲುವುದಿಲ್ಲ. ವಾಟರ್ ಪಂಪು ಸೋರಿದರೆ ಪೂರ್ಣ ಬದಲಿಸಬೇಕು. ಅದು ಟೈಮಿಂಗ್ ಬೆಲ್ಟಿನಿಂದ ತಿರುಗುವಂಥದಾದರೆ ಬೆಲ್ಟನ್ನೂ ಒಟ್ಟಿಗೆ ಬದಲಿಸುವುದು ಜಾಣತನ. ಹೆಡ್ ಗ್ಯಾಸ್ಕೆಟ್ ಹೊಸದು ಹಾಕುವ ಮುನ್ನ ಹೆಡ್ ಬಾಗಿದೆಯೇ ಎಂದು ನೇರಪಟ್ಟಿ ಇಟ್ಟು ಅಳೆಸಬೇಕು. ಬೋಲ್ಟುಗಳನ್ನು ತಯಾರಕರು ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಿಗಿತಕ್ಕೆ ಬಿಗಿಸಬೇಕು. ಇಲ್ಲವಾದರೆ ಹೊಸ ಗ್ಯಾಸ್ಕೆಟ್ಟೂ ಬೇಗನೆ ಸುಡುತ್ತದೆ.

ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಪದ್ಧತಿ ನಮ್ಮ ದೇಶದ ಹಳೆಯ ಚಾಲಕರಲ್ಲಿದೆ. ಪುಡಿ ಉಬ್ಬಿ ಸಣ್ಣ ತೂತನ್ನು ಮುಚ್ಚುತ್ತದೆ ಎಂಬುದು ನಿಜ. ಅಗಲವಾದ ಕೊಳವೆಗಳಿದ್ದ ಕಾಲದಲ್ಲಿ, ನಡುಕಾಡಿನಲ್ಲಿ, ಅದು ಊರು ಮುಟ್ಟಿಸುವ ಉಪಾಯವಾಗಿತ್ತು. ಇಂದಿನ ಸಪೂರ ಕೊಳವೆಗಳಲ್ಲಿ ಅದು ತೂತಿನೊಂದಿಗೆ ದಾರಿಯನ್ನೂ ಮುಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ಪುಡಿಗಳಿಗೂ ಇದೇ ಮಾತು ಸಲ್ಲುತ್ತದೆ. ಘಾಟಿಯಲ್ಲಿ ಅನಿವಾರ್ಯವಾದರೆ ಇಂಜಿನ್ ಪೂರ್ತಿ ತಣಿದ ಮೇಲೆ ಅಬ್ಬಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕಿ ಊರು ಸೇರಿಕೊಳ್ಳಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು. ಊರು ಸೇರಿದ ಮೇಲೆ ಆ ನೀರನ್ನು ತೆಗೆಸಿ, ವಾಹನದ ಕೈಪಿಡಿಯಲ್ಲಿ ಹೇಳಿದ ಬಗೆಯ ಕೂಲೆಂಟನ್ನೇ ಬಟ್ಟಿ ಇಳಿಸಿದ ನೀರಿನೊಂದಿಗೆ ತುಂಬಿಸಿ. ಬಣ್ಣ ಒಂದೇ ಎಂದು ಎರಡು ಬಗೆಯನ್ನು ಬೆರೆಸಬೇಡಿ. ಬಣ್ಣ ಗುಣದ ಗುರುತಲ್ಲ. ತುಂಬಿಸುವಾಗ ವಾಹನದ ಮೂತಿ ಏರಿನ ಕಡೆಗಿದ್ದರೆ ಗಾಳಿ ಸುಲಭವಾಗಿ ಹೊರಬರುತ್ತದೆ.

ತೆಗೆದ ಕೂಲೆಂಟ್ ಎಲ್ಲಿಗೆ?

ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ಬೆಕ್ಕು, ಕರುಗಳು ಅದನ್ನು ನೆಕ್ಕುತ್ತವೆ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಹರಳುಗಟ್ಟಿ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ದೇಹದ ತೂಕದ ಕಿಲೋ ಒಂದಕ್ಕೆ ಕೆಲವೇ ಮಿಲಿಲೀಟರ್ ಸಾಕು, ಪ್ರಾಣಿ ಸಾಯುತ್ತದೆ. ಮೊದಲಿಗೆ ಅಮಲೇರಿದಂತೆ ತೂರಾಡುತ್ತದೆ. ನಂತರ ಚೇತರಿಸಿಕೊಂಡಂತೆ ಕಂಡರೂ ಒಳಗೆ ಮೂತ್ರಪಿಂಡ ಸೋಲುತ್ತಿರುತ್ತದೆ. ಆದ್ದರಿಂದ ನೆಕ್ಕಿದ್ದು ತಿಳಿದ ಕೂಡಲೇ ಪಶುವೈದ್ಯರಲ್ಲಿಗೆ, ಮನುಷ್ಯರಾದರೆ ಆಸ್ಪತ್ರೆಗೆ ಹೋಗಬೇಕು. ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು. ಹಳ್ಳಕ್ಕೆ ಸುರಿದರೆ ಅದನ್ನು ಜೀರ್ಣಿಸಿಕೊಳ್ಳುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ, ಮೀನುಗಳು ಉಸಿರುಗಟ್ಟುತ್ತವೆ.

ಹಾಗಾಗಿ ಡ್ರೈನ್ ಬಿಚ್ಚುವಾಗ ಕೆಳಗೆ ಅಗಲ ಬಾಯಿಯ ಪಾತ್ರೆ ಇಡಿಸಿ. ಚೆಲ್ಲಿದ್ದರ ಮೇಲೆ ಮರದ ಹುಡಿ ಅಥವಾ ಒಣಮಣ್ಣು ಹಾಕಿ, ಬಳಿದು ತೆಗೆಯಿರಿ. ತಂಪುಪಾನೀಯದ ಬಾಟಲಿಗೆ ಮಾತ್ರ ಎಂದಿಗೂ ತುಂಬಿಡಬೇಡಿ. ಮಗುವಿನ ಕಣ್ಣಿಗೆ ಅದು ಶರಬತ್ತೇ. ಮುಚ್ಚಳ ಭದ್ರವಾಗಿರುವ ಡಬ್ಬಿಗೆ ಹಾಕಿ, ಮೇಲೆ 'ವಿಷ' ಎಂದು ಬರೆದು, ಹಳೆಯ ಆಯಿಲಿನೊಂದಿಗೆ ಬೆರೆಸದೆ, ಇಂಥ ತ್ಯಾಜ್ಯವನ್ನು ಕ್ರಮವಾಗಿ ಸಾಗಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಿ.

ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಮಳೆಗಾಲಕ್ಕೆ ಮೊದಲು ನಿಮ್ಮ ಊರಿನ ಪ್ರತಿ ವಾಹನಕ್ಕೂ ಒಂದು ನೋಟ್‌ಪುಸ್ತಕ ಮಾಡಿಕೊಡಿ. ತಣ್ಣಗಿರುವಾಗ ಮಟ್ಟ ನೋಡಿ ಬರೆಯುವುದನ್ನು ಮನೆಯವರಿಗೆ ಕಲಿಸಿ. ಹಿರಿಯರಲ್ಲಿಯೂ ಕೋರುತ್ತೇನೆ: ಕೂಲೆಂಟ್ ಕಡಿಮೆಯಾದಾಗ ತುಂಬಿಸಿ ಸುಮ್ಮನಾಗಬೇಡಿ. ಅಬ್ಬಿಯ ಪೈಪಿನಲ್ಲಿ ನೀರು ಕಡಿಮೆಯಾದರೆ ನಾವು ಮೂಲದವರೆಗೂ ನಡೆದು ನೋಡುತ್ತೇವೆ. ಇಲ್ಲಿಯೂ ಅದೇ ನಡಿಗೆ ಬೇಕು.